ಬಲಭುಜದ ಕವಚ

"ಇದು ನನ್ನ ಅಳತೆನೇ ಅಲ್ಲ!"

ಬೋಗ್ನಾ ಕೂಗಿದ ರಭಸಕ್ಕೆ ವರ್ಕ್‌ಶಾಪಿನಲ್ಲಿ ಸುತ್ತಿಗೆಯ ಸದ್ದು ನಿಂತಿತು.

ಎದೆಯ ಮೇಲೆ ಹೊಳೆಯುವ ಉಕ್ಕಿನ ಕವಚ. ಪಕ್ಕದಲ್ಲಿ ಬೆಲ್ಟು ಮಾತ್ರ ಬಕಲ್‌ಗೆ ಸೇರುತ್ತಲೇ ಇಲ್ಲ. ಉಸಿರು ಬಿಗಿಹಿಡಿದಳು, ಹೊಟ್ಟೆ ಒಳಗೆಳೆದಳು... ಇನ್ನೂ ಮೂರು ಬೆರಳಿನಷ್ಟು ಅಂತರ!

"ಮೂರು ತಿಂಗಳು ಕಾದಿದ್ದೀನಿ! ಜುಲೈನಲ್ಲಿ ಗ್ರುನ್‌ವಾಲ್ಡ್ ಪಂದ್ಯ ಇದೆ. ಇದನ್ನ ಯಾರಿಗೆ ಮಾಡಿದ್ರಿ? ಶಾಲೆ ಹುಡುಗೀಗಾ?"

ಎದುರು ನಿಂತಿದ್ದವನು ಜೆಮೆಕ್. ಮೂವತ್ತೆಂಟರ ಗಂಡಸು, ಗಡ್ಡದ ತುಂಬ ಕಬ್ಬಿಣದ ಪುಡಿ. ಹಳ್ಳಿಯ ಹಳೆಯ ಡೇರಿ ಕಟ್ಟಡದಲ್ಲಿ ಕುಳಿತು ಅವನು ಮಾಡುವ ಕವಚಗಳಿಗೆ, ಹಳೇ ಕಾಲದ ಯೋಧರಂತೆ ಉಕ್ಕು ತೊಟ್ಟು ಸೆಣಸುವ ಪೋಲೆಂಡಿನ ಆಟಗಾರರೆಲ್ಲ ಸರದಿಯಲ್ಲಿ ಕಾಯುತ್ತಿದ್ದರು. ಅವನು ಗೋಡೆಯ ಮೊಳೆಗೆ ಚುಚ್ಚಿದ್ದ ಒಂದು ಹಾಳೆ ತೆಗೆದು ಅವಳ ಮುಂದೆ ಹಿಡಿದ.

ಅವಳದೇ ಕೈಬರಹ. ಸೊಂಟ, ಎಪ್ಪತ್ತೆಂಟು ಸೆಂಟಿಮೀಟರ್.

ಬೋಗ್ನಾಳ ಕಿವಿಗಳು ಬೆಚ್ಚಗಾದವು. ಜನವರಿಯಲ್ಲಿ ಬರೆದದ್ದು. ಪಂದ್ಯದ ಹೊತ್ತಿಗೆ ಇಳಿಸಿಬಿಡುತ್ತೇನೆ ಅಂದುಕೊಂಡು ಬರೆದದ್ದು!

ಅಯ್ಯೋ, ನೆಲ ಬಾಯಿ ಬಿಡಬಾರದೇ...

ಕಿಟಕಿಯ ಬಳಿ ಹತ್ತಿ ತುಂಬಿದ ದಪ್ಪ ಅಂಗಿ ಹೊಲಿಯುತ್ತಿದ್ದ ಮುದುಕಿ ಕನ್ನಡಕ ಏರಿಸಿಕೊಂಡು ನಕ್ಕಳು. ಅವಳು ತೆಕ್ಲಾ, ಜೆಮೆಕ್‌ನ ಚಿಕ್ಕಮ್ಮ. "ನಾಚ್ಕೋಬೇಡಮ್ಮ. ಹೆಂಗಸರು ಸೊಂಟದಲ್ಲಿ ಕಳೀತಾರೆ, ಗಂಡಸರು ಎತ್ತರಕ್ಕೆ ಸೇರಿಸ್ತಾರೆ. ನಲವತ್ತು ವರ್ಷದಿಂದ ನೋಡ್ತಿದ್ದೀನಿ."

"ಮತ್ತೆ ಮಾಡಿಕೊಡ್ತೀನಿ," ಎಂದ ಜೆಮೆಕ್ ಮೆಲ್ಲಗೆ. "ತಪ್ಪು ನನ್ನದೂ ಇದೆ. ಮನುಷ್ಯರನ್ನ ನೋಡದೆ ಬರೀ ಅಂಕಿ ನಂಬಿ ಉಕ್ಕು ಕತ್ತರಿಸಬಾರದಿತ್ತು."

ಅವನು ಗೋಡೆಯ ಕಡೆ ಮುಖ ಮಾಡಿ ಪುಸ್ತಕ ತೆರೆದು ನಿಂತ. ತೆಕ್ಲಾ ಟೇಪು ಹಿಡಿದು ಅಳೆಯತೊಡಗಿದಳು.

"ಸೊಂಟ ಎಂಬತ್ನಾಲ್ಕು!"

"ಮೆಲ್ಲಗೆ ಹೇಳಿ ಚಿಕ್ಕಮ್ಮ, ಊರಿಗೆಲ್ಲ ಕೇಳ್ಸುತ್ತೆ!"

"ಕೇಳ್ಲಿ ಬಿಡು. ಎಂಬತ್ನಾಲ್ಕು ಇದ್ರೇನೇ ಮೈದಾನದಲ್ಲಿ ನಿಲ್ಲೋಕಾಗೋದು. ಎಪ್ಪತ್ತೆಂಟಕ್ಕೆ ಗಾಳಿ ಬೀಸಿದ್ರೂ ಬೀಳ್ತೀಯ."

ಗೋಡೆಯತ್ತ ನಿಂತಿದ್ದವನ ಬೆನ್ನು ಅಲುಗಿತು. ನಗುತ್ತಿದ್ದಾನೆ! ಬೋಗ್ನಾಳಿಗೆ ಸಿಟ್ಟು ಬರಬೇಕಿತ್ತು. ಬರಲಿಲ್ಲ. ಅವಳಿಗೂ ನಗು ಬಂತು.

"ಎಡಭುಜ ಹದಿನಾಲ್ಕು, ಬಲಭುಜ... ಹದಿಮೂರು ಚಿಲ್ಲರೆ. ಇದೇನಮ್ಮ, ಒಂದು ಕಡೆ ಇಳಿದಿದೆ?"

"ಹುಟ್ಟಿನಿಂದ ಹಾಗೇ," ಎಂದಳು ಬೋಗ್ನಾ ಥಟ್ಟನೆ.

ಜೆಮೆಕ್ ತಿರುಗಿ ಒಂದು ಕ್ಷಣ ಅವಳ ಭುಜ ನೋಡಿದ, ಆಮೇಲೆ ಕಣ್ಣು ನೋಡಿದ. ಏನೂ ಕೇಳದೆ ಬರೆದುಕೊಂಡ.

ಅಂದಿನಿಂದ ಪ್ರತಿ ಶನಿವಾರ ಬೋಗ್ನಾ ಆ ಹಳ್ಳಿಗೆ ಬರತೊಡಗಿದಳು. ವಾರವಿಡೀ ಓಲ್ಶ್ಟಿನ್ ನಗರದಲ್ಲಿ ಟ್ರಾಮ್ ಓಡಿಸುವುದು, ಗುರುವಾರ ಸಂಜೆ ತಂಡದ ಅಭ್ಯಾಸ, ಶನಿವಾರ ಬಸ್ಸು ಹಿಡಿದು ಜೆಮೆಕ್‌ನ ವರ್ಕ್‌ಶಾಪು.

ಅವನು ಮೊದಲು ರಟ್ಟಿನಲ್ಲಿ ಕತ್ತರಿಸಿ ಅವಳ ಮೈಮೇಲಿಟ್ಟು ನೋಡುತ್ತಿದ್ದ. ಕೈ ಎತ್ತಿ ಅನ್ನುತ್ತಿದ್ದ, ಬಗ್ಗಿ ಅನ್ನುತ್ತಿದ್ದ.

"ಟ್ರಾಮ್ ಓಡಿಸೋವಾಗ ಹೇಗೆ ಕೂರ್ತೀರಿ?"

"ಅದಕ್ಕೂ ಕವಚಕ್ಕೂ ಏನು ಸಂಬಂಧ?"

"ಸಂಬಂಧ ಇಲ್ಲ. ಸುಮ್ನೆ ಕೇಳ್ದೆ," ಎಂದು ಅವನು ರಟ್ಟಿನೊಳಗೆ ಮುಖ ಹುದುಗಿಸಿದ.

ಸುಮ್ನೆ ಕೇಳ್ದನಂತೆ! ಬೋಗ್ನಾ ತುಟಿ ಕಚ್ಚಿ ನಗು ತಡೆದಳು.

ಒಳ್ಳೆಯ ತಗಡನ್ನು ಬೆರಳಿನಿಂದ ತಟ್ಟಿ ಗುರುತಿಸುವುದನ್ನು, ಅಂಚು ಮಡಚಿದೆಯೋ ಬರೀ ಉಜ್ಜಿದೆಯೋ ನೋಡುವುದನ್ನು ಅವನು ಕಲಿಸಿದ. ಮಧ್ಯಾಹ್ನ ತೆಕ್ಲಾ ಹುಳಿಹಿಟ್ಟಿನ ಸಾರಿಗೆ ಬೇಯಿಸಿದ ಮೊಟ್ಟೆ ಹಾಕಿ ಬಡಿಸುತ್ತಿದ್ದಳು. ಜೆಮೆಕ್ ತನ್ನ ಬಟ್ಟಲಿನ ಮೊಟ್ಟೆಯನ್ನು ಸದ್ದಿಲ್ಲದೆ ಬೋಗ್ನಾಳ ಬಟ್ಟಲಿಗೆ ದಾಟಿಸುತ್ತಿದ್ದ. ತೆಕ್ಲಾ ಕಂಡೂ ಕಾಣದ ಹಾಗೆ ಬ್ರೆಡ್ಡು ಕತ್ತರಿಸುತ್ತಿದ್ದಳು.

ಮೇ ತಿಂಗಳ ಒಂದು ಶನಿವಾರ, ಬಲಭುಜದ ತುಂಡನ್ನು ಕಟ್ಟುವಾಗ ನೋವಿಗೆ ಅವಳ ಮುಖ ಕಿವುಚಿತು. ಅವನ ಕೈ ತಕ್ಷಣ ನಿಂತಿತು.

"ಹುಟ್ಟಿನಿಂದ ಬಂದಿದ್ದಲ್ಲ, ಅಲ್ವಾ?"

ಬೋಗ್ನಾ ನೆಲ ನೋಡಿದಳು. ಯಾಕೋ ಇವನೆದುರು ಸುಳ್ಳು ಬಾಯಿಗೇ ಬರುವುದಿಲ್ಲ...

"ಎರಡು ವರ್ಷದ ಹಿಂದೆ ಮಂಜುಗಡ್ಡೆ ಮೇಲೆ ಜಾರಿದೆ. ಕೊರಳಮೂಳೆ ಮುರೀತು. ಒಳಗೆ ಪ್ಲೇಟು, ಆರು ಸ್ಕ್ರೂ. ಡಾಕ್ಟರು ಆಡಬಹುದು ಅಂತ ಬರೆದುಕೊಟ್ಟಿದ್ದಾರೆ. ಆದ್ರೆ ತಂಡದಲ್ಲಿ ಯಾರಿಗೂ ಹೇಳಿಲ್ಲ."

"ಯಾಕೆ?"

"ಆಗ ಅಮ್ಮ ನನ್ನ ಕೈಗೆ ಹಾಲಿನ ಬಾಟಲಿ ಕೂಡ ಕೊಡ್ತಿರ್ಲಿಲ್ಲ. ಡಿಪೋದಲ್ಲಿ ಎಲ್ಲರೂ 'ಪಾಪ ಬೋಗ್ನಾ' ಅಂತಿದ್ರು. ನನಗೆ ಆ 'ಪಾಪ' ಬೇಡ. ಉಕ್ಕು ತೊಟ್ಟು ನಿಂತಾಗ ಮಾತ್ರ ಯಾರೂ ನನ್ನನ್ನ 'ಪಾಪ' ಅನ್ನಲ್ಲ." ಅವಳು ತಲೆ ಎತ್ತಿದಳು. "ಇದು ನಿಮ್ಮಲ್ಲೇ ಇರ್ಲಿ."

"ನನ್ನಲ್ಲೇ ಇರುತ್ತೆ."

ಅವನು 'ಪಾಪ' ಅನ್ನಲಿಲ್ಲ. ಆಡಬೇಡಿ ಎಂದೂ ಅನ್ನಲಿಲ್ಲ. ಭುಜದ ತುಂಡನ್ನು ಬಿಚ್ಚಿ ಮೇಜಿನ ಮೇಲಿಟ್ಟು ಹೇಳಿದ: "ಹಾಗಾದ್ರೆ ಇದನ್ನ ಬೇರೆ ಥರ ಮಾಡ್ತೀನಿ. ಮೂಳೆ ಮೇಲೆ ಕೂರಬಾರದು. ಅಲ್ಲಿ ಒಳಗೊಂದು ಗೂಡು ಬಿಡ್ತೀನಿ. ಪೆಟ್ಟು ಬಿದ್ರೆ ಭಾರ ಎದೆಕವಚಕ್ಕೆ ಇಳಿಯುತ್ತೆ."

ಬಸ್ಸಿನಲ್ಲಿ ಹಿಂದಿರುಗುವಾಗ ಬೋಗ್ನಾ ದಾರಿಯುದ್ದಕ್ಕೂ ಅವನ ಆ ಮಾತನ್ನೇ ನೆನೆದಳು. ನನಗೇನಾಗಿದೆ? ಗೂಡು, ಪೆಟ್ಟು, ಎದೆಕವಚ... ಇದೆಲ್ಲ ಪ್ರೀತಿಯ ಮಾತುಗಳಾ? ಎದೆ ಮಾತ್ರ ಹೌದು ಅನ್ನುತ್ತಿತ್ತು.

ಆದರೆ ಜೂನ್ ಕೊನೆಯ ಗುರುವಾರ ಎಲ್ಲವೂ ಮುರಿದುಬಿತ್ತು.

ಶಾಲೆಯ ಜಿಮ್‌ನಲ್ಲಿ ಅಭ್ಯಾಸ ಮುಗಿದಿತ್ತು. ತಂಡದ ನಾಯಕಿ ಹಾಲ್ಶ್ಕಾ ಹೆಸರುಗಳನ್ನು ಓದಿದಳು. ಕಣಕ್ಕಿಳಿಯುವ ಐವರಲ್ಲಿ ಬೋಗ್ನಾಳ ಹೆಸರಿರಲಿಲ್ಲ.

"ನೀನು ಮೀಸಲು ಆಟಗಾರ್ತಿ," ಎಂದಳು ಹಾಲ್ಶ್ಕಾ, ಬೇರೆಲ್ಲೋ ನೋಡುತ್ತ. "ಆ ಕೊರಳಮೂಳೆ ಇಟ್ಕೊಂಡು ನಿನ್ನನ್ನ ಕೊಡಲಿ ಏಟಿನ ಎದುರು ಹೇಗೆ ನಿಲ್ಲಿಸ್ಲಿ?"

ಬೋಗ್ನಾ ಚೀಲ ಎತ್ತಿಕೊಂಡು ಹೊರಬಂದಳು. ಕೊರಳಮೂಳೆ! ಈ ಆಟದವರಲ್ಲಿ ಅದು ಗೊತ್ತಿದ್ದದ್ದು ಒಬ್ಬನಿಗೆ ಮಾತ್ರ...

ಮರುದಿನ ಬೆಳಿಗ್ಗೆ ಅವಳು ರಜೆ ಹಾಕಿ ಹಳ್ಳಿಗೆ ಬಂದಳು. ಜೆಮೆಕ್ ಅವಳನ್ನು ಕಂಡು ಅರಳಿದ ಮುಖದಲ್ಲಿ ಎದ್ದು ಬಂದ.

"ಅರೆ, ಇವತ್ತು ಶುಕ್ರವಾರ..."

"ಮಾತು ಕೊಟ್ಟಿದ್ರಿ!"

ಅವನ ನಗು ಅಲ್ಲೇ ಆರಿತು. "ಹಾಲ್ಶ್ಕಾ ತಮ್ಮ ಕೈಗವಸು ತಗೊಳ್ಳೋಕೆ ಬಂದಿದ್ರು. ನಿಮ್ಮ ಭುಜದ ತುಂಡು ಮೇಜಿನ ಮೇಲೇ ಇತ್ತು. ನಾನು ಹೇಳ್ಲಿಲ್ಲ. ಆದ್ರೆ..."

"ಆದ್ರೆ?"

"ಸುಳ್ಳು ಹೇಳೋಕೂ ಆಗ್ಲಿಲ್ಲ."

"ಚೆನ್ನಾಗಿದೆ! ಹೇಳ್ಲಿಲ್ಲ, ಆದ್ರೂ ಅವಳಿಗೆ ಗೊತ್ತಾಯ್ತು!" ಅವಳ ಕಣ್ಣು ತುಂಬಿ ಬಂದವು. "ನೀವೂ ಎಲ್ಲರ ಹಾಗೇನೇ. ನನ್ನನ್ನ ಗಾಜಿನ ಲೋಟ ಅಂತಾನೇ ಅಂದ್ಕೊಂಡ್ರಿ."

ಅವಳು ತಯಾರಿದ್ದ ತುಂಡುಗಳನ್ನೆಲ್ಲ ಚೀಲಕ್ಕೆ ತುಂಬಿಕೊಂಡಳು. ಬಲಭುಜದ್ದು ಮಾತ್ರ ಇನ್ನೂ ಹದ ಮಾಡದೆ ಕುಲುಮೆಯ ಪಕ್ಕ ಇತ್ತು.

"ಅದಿಲ್ಲದೆ ಕಣಕ್ಕೆ ಇಳೀಬೇಡಿ ಬೋಗ್ನಾ ಅವರೇ. ದಯವಿಟ್ಟು."

"ಬೇರೆ ಕಡೆ ಕೊಂಡ್ಕೊಳ್ತೀನಿ. ಇನ್ಮೇಲೆ ನನ್ನ ಹತ್ರ ಬರ್ಬೇಡಿ, ಮಾತೂ ಆಡ್ಬೇಡಿ!"

ಬಾಗಿಲು ಬಡಿದ ಸದ್ದಿಗೆ ತೆಕ್ಲಾಳ ಕೈಯಿಂದ ಸೂಜಿ ಬಿತ್ತು. ಜೆಮೆಕ್ ಅದನ್ನು ಎತ್ತಿಕೊಟ್ಟ. ಆಮೇಲೆ ಹೋಗಿ ಕುಲುಮೆ ಹೊತ್ತಿಸಿದ.

ಜುಲೈ ಬಂತು. ಗ್ರುನ್‌ವಾಲ್ಡ್ ಬಯಲಿನ ತುಂಬ ಡೇರೆಗಳು, ಬಾವುಟಗಳು, ಹುರಿದ ಸಾಸೇಜಿನ ವಾಸನೆ. ಮೀಸಲು ಆಟಗಾರ್ತಿಯಾದರೇನು, ಯಾರಿಗಾದರೂ ಏಟಾದರೆ ಇಳಿಯಲೇಬೇಕು. ಬೋಗ್ನಾ ಕವಚದ ಅಂಗಡಿಗಳ ಸಾಲಿನಲ್ಲಿ ಬಲಭುಜ ಹುಡುಕುತ್ತ ನಡೆದಳು.

"ಇದು ನೋಡಿ ಮೇಡಂ, ಕನ್ನಡಿ ಥರ ಹೊಳೆಯುತ್ತೆ!" ಎಂದ ವ್ಯಾಪಾರಿ.

ಅವಳು ಬೆರಳಿನಿಂದ ತಟ್ಟಿದಳು. ತೆಳು ತಗಡು. ಅಂಚನ್ನು ಬರೀ ಉಜ್ಜಿದ್ದಾರೆ. ಮುಂದಿನ ಅಂಗಡಿ, ಅದರ ಮುಂದಿನದು... ಒಂದು ಭಾರ, ಇನ್ನೊಂದು ನೇರ ಮೂಳೆಯ ಮೇಲೇ ಕೂರುತ್ತದೆ.

ಎಂಥಾ ಶಿಕ್ಷೆ ಇದು! ಬೇರೆ ಯಾವುದನ್ನೂ ಕೊಳ್ಳಲಾಗದ ಹಾಗೆ ಕಲಿಸಿಟ್ಟಿದ್ದಾನಲ್ಲ...

"ಬೋಗ್ನಾ!"

ಹಿಂದಿನಿಂದ ಹಾಲ್ಶ್ಕಾ ಓಡಿಬಂದಳು. ಏದುಸಿರು.

"ಒಂದು ಮಾತು ಹೇಳ್ಬೇಕು. ಎರಡು ವಾರದಿಂದ ಒಳಗೇ ಕೊರೀತಿದೆ. ಜೆಮೆಕ್ ನನಗೇನೂ ಹೇಳ್ಲಿಲ್ಲ ಕಣೇ."

"ಮತ್ತೆ?"

"ಹತ್ತೊಂಬತ್ತು ವರ್ಷದಿಂದ ಮೂಳೆ ವಾರ್ಡಿನಲ್ಲಿ ನರ್ಸಾಗಿದ್ದೀನಿ. ಆ ತುಂಡಿನ ಮೇಲೆ ನಿನ್ನ ಹೆಸರಿನ ಚೀಟಿ ಇತ್ತು. ಒಳಗೆ ಗೂಡು ಎಲ್ಲಿದೆ ಅಂತ ನೋಡಿದ್ರೇನೇ ನನಗೆ ಅರ್ಥ ಆಗುತ್ತೆ. ಮೂರು ಸಲ ಕೇಳ್ದೆ. ಅವನು ಅದರ ಮೇಲೆ ಬಟ್ಟೆ ಹೊದಿಸಿ, 'ನಾನು ಹೇಳೋ ವಿಷ್ಯ ಅಲ್ಲ, ಅವರನ್ನೇ ಕೇಳಿ' ಅಂದ. ನಾನು ನಿನ್ನ ಕೇಳ್ಬೇಕಿತ್ತು. ಧೈರ್ಯ ಸಾಲದೆ ಸುಮ್ನೆ ಹೆಸರು ತೆಗೆದುಬಿಟ್ಟೆ. ತಪ್ಪು ನಂದು."

ಬೋಗ್ನಾಳಿಗೆ ಸುತ್ತಲಿನ ಗದ್ದಲ ಕೇಳಿಸದಾಯಿತು. ಅವನು ಹೇಳಿದ್ದು ಅಕ್ಷರಶಃ ನಿಜ. ನಾನು ಕೇಳಿಸಿಕೊಳ್ಳಲೇ ಇಲ್ಲ...

"ಡಾಕ್ಟರ ಚೀಟಿ ತೋರ್ಸು," ಎಂದಳು ಹಾಲ್ಶ್ಕಾ. ಬೋಗ್ನಾ ಫೋನು ತೆಗೆದು ತೋರಿಸಿದಳು. ಹಾಲ್ಶ್ಕಾ ಎರಡು ಸಲ ಓದಿದಳು. "ಸರಿ. ಸರಿಯಾದ ಬಲಭುಜ ತೊಟ್ಕೊಂಡು ಬಂದ್ರೆ ಮುಂದಿನ ಸಾಲಿನಲ್ಲಿ ನೀನೇ. ಅವನು ಅಲ್ಲಿ, ರಿಪೇರಿ ಡೇರೆಯಲ್ಲಿದ್ದಾನೆ. ಓಡು!"

ಜೆಮೆಕ್ ಯಾರದೋ ಹೆಲ್ಮೆಟ್ಟಿನ ರಿವಿಟ್ ಬಡಿಯುತ್ತಿದ್ದ. ನೆರಳು ಬಿದ್ದದ್ದಕ್ಕೆ ತಲೆ ಎತ್ತಿದ.

"ನನ್ನ ಬಲಭುಜ..." ಎಂದಳು ಬೋಗ್ನಾ.

ಅವನು ಬೆಂಚಿನ ಕೆಳಗಿನಿಂದ ಬಟ್ಟೆಯಲ್ಲಿ ಸುತ್ತಿದ ತುಂಡು ತೆಗೆದ. ಹದ ಮಾಡಿ, ಎಣ್ಣೆ ಹಚ್ಚಿ ಇಟ್ಟಿದ್ದ.

"ತಂದಿದ್ರಾ? ಅಷ್ಟು ಬೈದ ಮೇಲೂ?"

"ನೀವು ಬೈದಿದ್ದು ನನಗೆ. ಭುಜ ಏನು ತಪ್ಪು ಮಾಡಿತ್ತು?"

ಅಳು, ನಗು ಎರಡೂ ಒಟ್ಟಿಗೆ ಬಂತು ಅವಳಿಗೆ. "ಹಾಲ್ಶ್ಕಾ ಎಲ್ಲ ಹೇಳಿದ್ಲು. ನಾನು ನಿಮ್ಮ ಮಾತು ಪೂರ್ತಿ ಕೇಳ್ಲೇ ಇಲ್ಲ. ಕ್ಷಮಿಸಿ. ಒಂದು ಸಲನಾದ್ರೂ ಬಂದು ಹೇಳ್ಬಾರದಿತ್ತಾ?"

"ಬರ್ಬೇಡಿ ಅಂದಿದ್ರಿ."

"ಅಂದ್ರೆ ನಿಜವಾಗ್ಲೂ ಬರದೇ ಇದ್ದುಬಿಡೋದಾ?"

"ನಾನೂ ತಪ್ಪು ಮಾಡ್ದೆ. ಆ ತುಂಡನ್ನ ಮೇಜಿನ ಮೇಲೆ ಹಾಗೇ ಬಿಡಬಾರದಿತ್ತು. ನಿಮ್ಮ ಗುಟ್ಟು ಕಾಯೋಕೆ ಬಾಯಿ ಮುಚ್ಚಿದ್ರೆ ಸಾಕು ಅಂದ್ಕೊಂಡಿದ್ದೆ." ಅವನು ಲೇಸುಗಳನ್ನು ಕಟ್ಟತೊಡಗಿದ. "ಇನ್ನೊಂದು ವಿಷ್ಯ. ನೀವು ಗಾಜಿನ ಲೋಟ ಅಂತ ನಾನು ಒಂದು ದಿನವೂ ಅಂದ್ಕೊಂಡಿಲ್ಲ. ನೀವು ಬೀಳಬಾರದು ಅಂತ ಅಷ್ಟೇ... ಆಸೆ."

ಹೊರಗೆ ಕಹಳೆ ಮೊಳಗಿತು. ಅವನ ಮಾತು ಮುಗಿಯುವ ಮೊದಲೇ ಬೋಗ್ನಾ ಹೆಲ್ಮೆಟ್ ಹಾಕಿಕೊಂಡು ಓಡಿದಳು.

ಮರದ ಬೇಲಿ ಹಾಕಿದ ಕಣ. ಐವರಿಗೆ ಐವರು. ನೆಲಕ್ಕೆ ಬಿದ್ದವರು ಆಟದಿಂದ ಹೊರಗೆ. ಎದುರು ಗ್ದಾನ್ಸ್ಕ್ ತಂಡ. ಮೊದಲ ಸುತ್ತು ಅವರಿಗೆ, ಎರಡನೆಯದು ಬೋಗ್ನಾಳ ತಂಡಕ್ಕೆ. ಮೂರನೆಯದರಲ್ಲಿ ಹಾಲ್ಶ್ಕಾ ಬಿದ್ದಳು, ಉಳಿದವರೂ ಒಬ್ಬೊಬ್ಬರಾಗಿ ಬಿದ್ದರು. ಬೋಗ್ನಾ ಒಬ್ಬಳೇ, ಎದುರು ಇಬ್ಬರು!

ಎತ್ತರದವಳೊಬ್ಬಳು ಮೊಂಡು ಕೊಡಲಿ ಎತ್ತಿ ಬೀಸಿದಳು. ನೇರ ಬಲಭುಜಕ್ಕೆ!

ಬೇಲಿಯ ಬಳಿ ಜೆಮೆಕ್ ಕಣ್ಣು ಮುಚ್ಚಿಕೊಂಡ. ಆದರೆ ಕಿವಿ ಮುಚ್ಚಲಿಲ್ಲ. ಠಣ್! ಉಕ್ಕು ಮೂಳೆಗೆ ತಾಗಿದರೆ ಸದ್ದು ಮಂಕಾಗಿರುತ್ತದೆ. ಇದು ಗಂಟೆಯಂತೆ ಮೊಳಗಿತು. ಒಳಗಿನ ಗೂಡು ಹಾಗೇ ಇತ್ತು. ಅವನು ಕಣ್ಣು ತೆರೆದಾಗ ಬೋಗ್ನಾ ನಿಂತೇ ಇದ್ದಳು, ಕೊಡಲಿಯವಳು ಆಯ ತಪ್ಪಿ ಕೆಳಗೆ ಬಿದ್ದಿದ್ದಳು!

ಉಳಿದ ಇನ್ನೊಬ್ಬಳೊಡನೆ ಬೋಗ್ನಾ ನಿಮಿಷಗಟ್ಟಲೆ ಸೆಣಸಿದಳು. ಕೊನೆಗೆ ಕಾಲು ಜಾರಿ ಇಬ್ಬರೂ ಉರುಳಿದರು. ಬೋಗ್ನಾಳ ಮಂಡಿ ಒಂದು ಕ್ಷಣ ಮುಂಚೆ ನೆಲ ಮುಟ್ಟಿತು. ಸುತ್ತು ಹೋಯಿತು, ಪಂದ್ಯವೂ ಹೋಯಿತು. ಬಿದ್ದವಳನ್ನು ಎತ್ತಲು ಮೊದಲು ಕೈ ಚಾಚಿದವಳು ಆ ಗ್ದಾನ್ಸ್ಕ್ ಹುಡುಗಿಯೇ. "ಯಮ್ಮಾ, ಏನು ಗಟ್ಟಿ ಇದ್ದೀಯ ನೀನು!" ಎಂದಳು.

ಯಾರೂ 'ಪಾಪ' ಅನ್ನಲಿಲ್ಲ.

ಬೇಲಿ ದಾಟಿ ಹೊರಬಂದಾಗ ಜೆಮೆಕ್ ಓಡಿಬಂದು ಅವಳ ಹೆಲ್ಮೆಟ್ ಬಿಚ್ಚಿದ. ಕೆಂಪೇರಿದ ಮುಖ, ಹಣೆಗೆ ಅಂಟಿದ ಕೂದಲು.

"ಭುಜ?"

"ಇದೆ. ನಿಮ್ಮ ಕೈ ಇತ್ತಲ್ಲ ಅಲ್ಲಿ." ಅವಳು ಉಸಿರು ಸಂಭಾಳಿಸಿಕೊಂಡಳು. "ಆಗ ಏನೋ ಹೇಳೋಕೆ ಹೊರಟಿದ್ರಿ. ಆಸೆ ಅಂತ..."

"ಆಮೇಲೆ ಹೇಳ್ತೀನಿ. ಮೊದ್ಲು ನೀರು ಕುಡೀರಿ."

"ಜೆಮೆಕ್!"

ಅವನು ಸುತ್ತ ನೋಡಿದ. ನೂರಾರು ಜನ. ದೂರದಲ್ಲಿ ತೆಕ್ಲಾ ಚೆರ್ರಿ ಶರಬತ್ತಿನ ಜಗ್ಗು ಹಿಡಿದು, ಸೊಂಟದ ಮೇಲೆ ಕೈಯಿಟ್ಟು ಕಾಯುತ್ತಿದ್ದಳು.

"ಬೋಗ್ನಾ... ನನಗೆ ನೀವಂದ್ರೆ ಇಷ್ಟ. ಶನಿವಾರಗಳು ಮಾತ್ರ ಸಾಲೋದಿಲ್ಲ."

ಅಷ್ಟೇ! ಅಷ್ಟು ಹೇಳುವುದರಲ್ಲಿ ಅವನ ಹಣೆಯ ಮೇಲೆ ಅವಳಿಗಿಂತ ಹೆಚ್ಚು ಬೆವರು.

"ನನಗೂ ಸಾಲಲ್ಲ ಕಣೋ," ಎಂದಳು ಬೋಗ್ನಾ.

'ಕಣೋ' ಎಂದದ್ದು ಕೇಳಿ ಅವನ ಗಡ್ಡದೊಳಗೆ ನಗು ಹರಡಿತು. ಅವಳು ಇಪ್ಪತ್ತೈದು ಕೆ.ಜಿ. ಉಕ್ಕಿನ ಸಮೇತ ಅವನನ್ನು ತಬ್ಬಿಕೊಂಡಳು. ಅವನ ಬಾಯಿಂದ ಸಣ್ಣದೊಂದು ನರಳಿಕೆ ಬಂತು.

"ಚುಚ್ತಿದೆಯಾ?"

"ಹೂಂ."

"ಬಿಡ್ಲಾ?"

"ಬೇಡ... ಇನ್ನೂ ಸ್ವಲ್ಪ ಹೊತ್ತು ಹೀಗೇ ಇರು."