ಬಗ್ಗುವ ಹಿಡಿ, ಮೂರು ತೋಟಾ

ಪೆಲಗೇಯಾ ತೀರಿಕೊಂಡು ಮೂವತ್ತೆರಡು ದಿನವಾಗಿತ್ತು. ನಲವತ್ತನೆಯ ದಿನ ಊರಿಗೆಲ್ಲ ಊಟ ಹಾಕಬೇಕು, ಅದರಲ್ಲಿ ಜಿಂಕೆ ಮಾಂಸದ ಸಾರು ಇರಲೇಬೇಕು. ಅವಳ ಗಂಡ ಇನೊಕೆಂಟಿ ಕೊಡಿಯಾಕ್ ದ್ವೀಪದ ತನ್ನ ಹಳ್ಳಿಯಿಂದ ದೋಣಿ ಹೊರಡಿಸಿದ್ದು ಅದಕ್ಕೇ. ಜೊತೆಗೆ ಮಗಳ ಗಂಡ ವೆಂಡೆಲ್, ಅಕ್ಕನ ಮಗಳು ಮಟ್ರೋನಾ. ಊರಲ್ಲಿ ದೋಣಿಯ ಇಂಜಿನ್ನಾಗಲಿ ಕೋವಿಯಾಗಲಿ ಕೆಟ್ಟರೆ ಬರುವುದು ಮಟ್ರೋನಾಳ ಶೆಡ್ಡಿಗೆ.

ಎರಡು ದಿನದ ಕೆಲಸ ಎಂದುಕೊಂಡಿದ್ದರು. ಅವರು ಇಳಿದ ಜಾಗದಲ್ಲಿ ಮೂರು ಕಡೆ ಕಡಿದಾದ ಬಂಡೆ, ನಡುವೆ ಕಿರಿದಾದ ಕೊಲ್ಲಿ, ದಡದಲ್ಲೊಂದು ಹಲಗೆ ಗುಡಿಸಲು. ಮೊದಲ ದಿನವೇ ಇಳಿಜಾರಿನ ಕಂದುಹುಲ್ಲಿನಲ್ಲಿ ಜಿಂಕೆಗಳು ಕಂಡವು. ಇನೊಕೆಂಟಿ ಕೋವಿಯನ್ನು ಚೀಲದ ಮೇಲೆ ಊರಿ ಗುರಿಯಿಟ್ಟ. ನಾಲ್ಕು ಗುಂಡು ಹಾರಿಸಿದ, ನಾಲ್ಕೂ ತಪ್ಪಿದವು. ನಲವತ್ತು ವರ್ಷದಲ್ಲಿ ಅವನಿಗೆ ಹೀಗಾಗಿರಲಿಲ್ಲ. ತನ್ನ ಕೈಗಳನ್ನೇ ನೋಡುತ್ತ ಗುಡಿಸಲಿಗೆ ಮರಳಿದ.

ಮರುದಿನ ಗಾಳಿ ತಿರುಗಿತು. ಕೊಲ್ಲಿಯ ಬಾಯಲ್ಲಿ ಅಲೆಗಳು ಗೋಡೆಯಂತೆ ಎದ್ದವು. ಹೊರಹೋಗುವ ದಾರಿ ಅದೊಂದೇ.

ಮೂರನೆಯ ದಿನ ಬೆಳಗ್ಗೆ ಕರಡಿಯೊಂದು ದೋಣಿಗೆ ನುಗ್ಗಿ ಊಟದ ಪೆಟ್ಟಿಗೆಯನ್ನೇ ಎಳೆದೊಯ್ದಿತು. ಉಳಿದದ್ದು ಗಟ್ಟಿ ಬಿಸ್ಕತ್ತು, ಚಹಾ, ಹೊಗೆಯಲ್ಲಿ ಒಣಗಿಸಿದ ಒಂದಿಷ್ಟು ಮೀನು. ಮೂವರೂ ಒಟ್ಟಿಗೆ ಕಾಲು ಚಾಚಲಾಗದ ಗುಡಿಸಲು. ಕರಡಿ ದಿನಕ್ಕೆರಡು ಸಲ ಬಂದು ಬಾಗಿಲು ಮೂಸುತ್ತಿತ್ತು. ಅದರ ಉಸಿರಿಗೆ ಹಲಗೆಯ ಸಂದಿಯಲ್ಲಿ ಹಬೆ ಕಾಣುತ್ತಿತ್ತು. ರೇಡಿಯೋದಲ್ಲಿ ಕೇಳಿದರೆ, ಇನ್ನೂ ನಾಲ್ಕೈದು ದಿನ ಬಿರುಗಾಳಿ ಎಂದರು. ಜೇಬಿನಲ್ಲಿ ಉಳಿದದ್ದು ಮೂರೇ ತೋಟಾ.

"ಅವಳ ಜೊತೆ ನನ್ನ ಕೈಯೂ ಹೋಯ್ತು ಕಣೇ," ಎಂದ ಇನೊಕೆಂಟಿ. "ಕೋವಿ ನೀನೇ ಇಟ್ಕೋ."

ಮಟ್ರೋನಾ ಕೋವಿ ತೆಗೆದುಕೊಂಡಳು. ನಳಿಗೆಯನ್ನು ಹೊತ್ತಿದ್ದ ಹಳೆಯ ಮರದ ಹಿಡಿ ವಸಂತದಲ್ಲಿ ಬಂಡೆಗೆ ಬಡಿದು ಸೀಳಿತ್ತು. ಬದಲಿಗೆ ವೆಂಡೆಲ್ ಅಂಚೆಯಲ್ಲಿ ಅಗ್ಗದ ಪ್ಲಾಸ್ಟಿಕ್ ಹಿಡಿ ತರಿಸಿ, ತಾನೇ ಕೂರಿಸಿದ್ದ. ಅವಳು ಉಬ್ಬರವಿಳಿತದ ವೇಳಾಪಟ್ಟಿಯ ಪುಸ್ತಕದಿಂದ ಒಂದು ಹಾಳೆ ಹರಿದು, ನಳಿಗೆಗೂ ಹಿಡಿಗೂ ನಡುವೆ ತೂರಿಸಿದಳು. ಹಾಳೆ ಸಲೀಸಾಗಿ ಓಡಾಡಿತು. ಹಿಡಿಯ ಮುಂತುದಿಯನ್ನು ಮೇಜಿಗೆ ಊರಿ ಒತ್ತಿದಳು. ಹಾಳೆ ಸಿಕ್ಕಿಕೊಂಡಿತು.

ಅವಳಿಗೆ ನಗು ಬಂತು. ಚೀಲದ ಮೇಲೆ ಊರಿದಾಗಲೆಲ್ಲ ಈ ಟೊಳ್ಳು ಹಿಡಿ ಬಗ್ಗಿ ನಳಿಗೆಯನ್ನು ತಳ್ಳಿ ಗುರಿ ಕೆಡಿಸುತ್ತಿತ್ತು.

"ಹಗುರ ಇದೆ, ನೆಂದ್ರೂ ಊದಲ್ಲ ಅಂತ ತರಿಸಿದ್ದು," ಎಂದ ವೆಂಡೆಲ್.

"ಊದಲ್ಲ ಭಾವ. ಬಗ್ಗುತ್ತೆ ಅಷ್ಟೇ." ಅವಳು ಮಾವನ ಕಡೆ ತಿರುಗಿದಳು. "ನಿನ್ನ ಕೈಗೇನೂ ಆಗಿಲ್ಲ, ಮಾವ."

ಅವನು ನಂಬಲಿಲ್ಲ.

ಎರಡು ತಿರುಪು ಬಿಚ್ಚಿ ನಳಿಗೆಯನ್ನು ಬೇರೆ ಮಾಡಿದಳು. ಹಿಡಿಯ ಒಳಗೋಡೆಯನ್ನು ಚಾಕುವಿನಿಂದ ಕೆರೆದು ಒರಟು ಮಾಡಿದಳು. ನುಣುಪು ಪ್ಲಾಸ್ಟಿಕ್ಕಿಗೆ ಅಂಟು ಕೂರುವುದಿಲ್ಲ. ಕಾಯಿಸಿದ ಮೊಳೆಯಿಂದ ಟೊಳ್ಳಿನೊಳಗಿನ ಅಡ್ಡಗೋಡೆಗಳಿಗೆ ತೂತು ಹೊಡೆದಳು. ವೆಂಡೆಲ್ ದೋಣಿಯಲ್ಲಿದ್ದ ಗುಡಾರದ ಅಲ್ಯೂಮಿನಿಯಂ ಕೊಳವೆಯನ್ನು ಗರಗಸದಿಂದ ಎರಡು ತುಂಡು ಮಾಡಿದ. ತುಂಡುಗಳನ್ನು ಆ ತೂತುಗಳಲ್ಲಿ ಉದ್ದಕ್ಕೆ ಕೂರಿಸಿ, ದೋಣಿಗೆ ತೇಪೆ ಹಾಕುವ ಎರಡು ಡಬ್ಬಿಯ ಅಂಟನ್ನು ಬೆರೆಸಿ ಸುರಿದಳು. ವಾಸನೆಗೆ ಮೂವರ ಕಣ್ಣಲ್ಲೂ ನೀರು. ಬಾಗಿಲು ತೆರೆಯೋಣವೆಂದರೆ ಹೊರಗೆ ಕರಡಿ.

ಚಳಿಗೆ ಅಂಟು ಬಿಗಿಯಲು ತಡವಾಯಿತು. ಒಂದೂವರೆ ದಿನ ಹಿಡಿಯನ್ನು ಒಲೆಯ ಪಕ್ಕದಲ್ಲಿಟ್ಟು ತಿರುಗಿಸುತ್ತ ಕೂತರು. ಅಷ್ಟೂ ಹೊತ್ತು ಅವರ ಕೈಯಲ್ಲಿ ಕೋವಿಯೆಂಬುದೇ ಇರಲಿಲ್ಲ, ಒಂದು ಕೊಡಲಿ ಮಾತ್ರ. ಬಿಸ್ಕತ್ತು ಮುಗಿಯಿತು.

ಮತ್ತೆ ಜೋಡಿಸಿ ಬಲವಾಗಿ ಒತ್ತಿದಾಗಲೂ ಹಾಳೆ ಸರಾಗವಾಗಿ ಓಡಿತು.

ಕರಡಿ ಹೊಳೆಯ ಕಡೆ ಹೋದಾಗ ಹೊರಗೆ ಬಂದರು. ಮಟ್ರೋನಾ ಒಂದು ತೋಟಾ ಪರೀಕ್ಷೆಗೆ ಖರ್ಚು ಮಾಡಿದಳು. ಗುಂಡು ಗುರುತಿಗಿಂತ ನಾಲ್ಕು ಬೆರಳು ಬಲಕ್ಕೆ ಬಿತ್ತು. ನಳಿಗೆಯ ಮೇಲಿನ ಗುರಿ ದುರ್ಬೀನಿನ ತಿರುಪನ್ನು ಎಣಿಸಿ ತಿರುಗಿಸಿ, ಕೋವಿಯನ್ನು ಮಾವನ ಕೈಗಿಟ್ಟಳು.

"ನೀನೇ ಹೊಡಿ," ಎಂದ.

"ಅತ್ತೆ ಊಟಕ್ಕೆ ನಾನ್ಯಾಕೆ ಹೊಡೀಲಿ?"

ಗಾಳಿಗೆ ಮರೆಯಾದ ತಗ್ಗಿನಲ್ಲಿ ಕೊಬ್ಬಿದ ಗಂಡು ಜಿಂಕೆಯೊಂದು ನಿಂತಿತ್ತು. ಇನೊಕೆಂಟಿ ಮಲಗಿ ಕೋವಿ ಊರಿದ. ತುಂಬ ಹೊತ್ತು ಹಾಗೇ ಇದ್ದ. ಗುಂಡು ಸಿಡಿಯಿತು. ಜಿಂಕೆ ಮುಂಗಾಲು ಮಡಚಿ ಅಲ್ಲೇ ಕುಸಿಯಿತು.

ಸದ್ದು ಕೇಳಿದರೆ ಕರಡಿ ಬಂದೇ ಬರುತ್ತದೆ. ಲಗುಬಗೆಯಿಂದ ಸಿಗಿದರು, ತೊಡೆ, ಮುಂಗಾಲುಗಳನ್ನು ಹೊತ್ತರು.

ಪೊದೆ ಸರಿಯಿತು. ಮೂವತ್ತು ಹೆಜ್ಜೆ ದೂರದಲ್ಲಿ ಕರಡಿ.

ಇನೊಕೆಂಟಿ ಕೊನೆಯ ತೋಟಾ ತುಂಬಿ ಕೋವಿ ಎತ್ತಿದ. "ಕರುಳು, ತಲೆ ಎಲ್ಲ ನಿಂಗೇ ಬಿಟ್ಟಿದೀವಿ ಕಣಪ್ಪ," ಎಂದ, ನೆರೆಯವನೊಡನೆ ಮಾತಾಡುವಂತೆ. "ಇದು ನನ್ನ ಹೆಂಡ್ತೀದು."

ಹಿಂದೆ ಹಿಂದೆ ಹೆಜ್ಜೆಯಿಟ್ಟರು. ಕರಡಿ ಮೂಗೆತ್ತಿತು, ಒಮ್ಮೆ ಗುರುಗುಟ್ಟಿತು, ಆಮೇಲೆ ಕರುಳಿನ ರಾಶಿಗೆ ತಲೆ ಬಗ್ಗಿಸಿತು.

ಮತ್ತೆ ಮೂರು ದಿನ ಮಾಂಸದ ಜೊತೆ ಅವರು ಒಳಗೆ, ಕರಡಿ ಹೊರಗೆ. ಸರದಿಯಲ್ಲಿ ಕಾವಲು ಕೂತರು. ಒಂದು ಮುಂಗಾಲನ್ನು ಬೇಯಿಸಿ ತಿಂದರು, ಉಳಿದದ್ದನ್ನು ಮುಟ್ಟಲಿಲ್ಲ.

ಮೂವತ್ತೊಂಬತ್ತನೆಯ ದಿನ ಬೆಳಗ್ಗೆ ಗಾಳಿ ಇಳಿಯಿತು. ಅಲೆಯಿಂದ ಅಲೆಗೆ ಕುಪ್ಪಳಿಸುತ್ತ, ನೀರು ಮೊಗೆದು ಚೆಲ್ಲುತ್ತ, ಮಧ್ಯಾಹ್ನದ ಹೊತ್ತಿಗೆ ಊರಿನ ಕಟ್ಟೆ ಮುಟ್ಟಿದರು. ಹೆಂಗಸರು ಮಾಂಸ ಇಳಿಸಿಕೊಂಡು ಅಡುಗೆಮನೆಗೆ ಓಡಿದರು. ಇಷ್ಟು ದಿನ ಏನು ಮಾಡುತ್ತಿದ್ದಿರಿ ಎಂದು ಮಗಳು ಕಣ್ಣೊರೆಸಿಕೊಳ್ಳುತ್ತ ಕೇಳಿದಳು.

ಇನೊಕೆಂಟಿ ಕೋವಿಯನ್ನು ಹೆಗಲಿಗೇರಿಸಿದ.

"ಅಂಟು ಒಣಗಬೇಕಿತ್ತಲ್ಲ," ಎಂದ.