ದಂದರಾದಲ್ಲಿ ಸಿಕ್ಕ ಗೈಡು

ಕಂಬಕ್ಕೆ ಒರಗಿ ಮೇಲೆ ನೋಡುತ್ತಿದ್ದ ಆ ಮನುಷ್ಯನೇ ತಮ್ಮ ಗೈಡು ಎಂದುಕೊಂಡಳು ಇನಾಯತ್. ತಪ್ಪು ಅವಳದಲ್ಲ. ಫೇರೋಗಳ ಕಾಲದ ದಂದರಾ ದೇವಾಲಯದ ಒಳಗೆ ಬಿಳಿ ಟೋಪಿಯವರೊಬ್ಬರು ಸಿಗುತ್ತಾರೆ ಎಂದು ಬಸ್ಸಿನಲ್ಲಿ ಹೇಳಿದ್ದರು. ಬಿಳಿ ಟೋಪಿ ಇದ್ದದ್ದು ಇವನೊಬ್ಬನ ತಲೆಯ ಮೇಲೆ.

ತಾಂತಾದ ಹೆಣ್ಣುಮಕ್ಕಳ ಶಾಲೆಯ ಟೀಚರುಗಳೆಲ್ಲ ಸೇರಿ ಚಳಿಗಾಲದ ರಜೆಗೆ ಪ್ರವಾಸ ಬಂದಿದ್ದರು. ಇನಾಯತ್ ಅಲ್ಲಿ ಲೆಕ್ಕದ ಮಿಸ್. ವಯಸ್ಸು ನಲವತ್ತು ದಾಟಿತ್ತು. ಊರು ಬಿಟ್ಟು ಇಷ್ಟು ದೂರ ಬಂದದ್ದು ಇದೇ ಮೊದಲು.

"ಉಸ್ತಾದ್, ಕಂಬದ ಮೇಲಿನ ಈ ದೇವತೆಯ ಮುಖ ಇಷ್ಟು ಚೆಂದ ಇದೆ. ಕಿವಿ ಮಾತ್ರ ಯಾಕೆ ಹಸುವಿನದು?"

ಅವನು ತಿರುಗಿದ. ನರೆತ ಮೀಸೆ, ನಿದ್ದೆ ಕಡಿಮೆಯಾದ ಕಣ್ಣು. ಏನೋ ಹೇಳಹೊರಟವನು ಅವಳ ಮುಖ ನೋಡಿ ಬೇರೇನೋ ಹೇಳಿದ.

"ಬಂದವರೆಲ್ಲ ಕಷ್ಟ ಹೇಳ್ಕೋತಾರಲ್ಲ ಮೇಡಂ. ಮನುಷ್ಯರ ಕಿವಿ ಸಾಲಲಿಲ್ಲ."

ಇನಾಯತ್ ಜೋರಾಗಿ ನಕ್ಕಳು. ಪಕ್ಕದಲ್ಲಿದ್ದ ಗೆಳತಿ ಸಿಹಾಮ್ ಮೊಣಕೈಯಿಂದ ತಿವಿದು, "ಗೈಡು ಪರವಾಗಿಲ್ಲ ಕಣೇ" ಎಂದಳು.

ಅವನು ಮುಂದೆ ನಡೆದ, ಟೀಚರುಗಳು ಹಿಂದೆ. ಛಾವಣಿಯ ನೀಲಿಯಲ್ಲಿ ಉದ್ದಕ್ಕೆ ಬಾಗಿ ನಿಂತ ಹೆಂಗಸೊಬ್ಬಳ ಚಿತ್ರವಿತ್ತು. ಅದು ಯಾರು ಎಂದು ಇನಾಯತ್ ಕೇಳಿದಳು.

"ಕೆಳಗಿರೋರ ಮೇಲೆ ಏನೂ ಬೀಳದೆ ಇರಲಿ ಅಂತ ಹಾಗೆ ಬಾಗಿ ನಿಂತಿದಾಳೆ" ಎಂದ ಅವನು ಮೆಲ್ಲಗೆ. "ಇಳಿದು ಬಾ, ಸಾಕು ಅಂತ ಅವಳಿಗೆ ಯಾರೂ ಹೇಳಿಲ್ಲ."

ಇನಾಯತ್ ಕತ್ತೆತ್ತಿ ಆ ಹೆಂಗಸನ್ನೇ ಮತ್ತೆ ನೋಡಿದಳು. ಅಷ್ಟರಲ್ಲಿ ಹಿಂದಿನಿಂದ ಯಾರೋ ಓಡಿಬಂದರು. ಅವರ ತಲೆಯಲ್ಲೂ ಬಿಳಿ ಟೋಪಿ.

"ತಾಂತಾದ ಟೀಚರುಗಳು ನೀವೇನಾ? ತಡವಾಯ್ತು, ಕ್ಷಮಿಸಿ. ನಾನು ನಿಮ್ಮ ಗೈಡು."

ಎಲ್ಲರೂ ಬಿದ್ದು ಬಿದ್ದು ನಕ್ಕರು. ಇನಾಯತ್ ನಗಲಿಲ್ಲ. "ಚೆನ್ನಾಗಿ ಮಂಗ ಮಾಡಿದ್ರಿ" ಎಂದಷ್ಟೇ ಅವನಿಗೆ ಹೇಳಿ, ಮೆಟ್ಟಿಲು ಹತ್ತಿ ದೇವಾಲಯದ ಮಾಳಿಗೆಗೆ ಹೋಗಿಬಿಟ್ಟಳು.

ಮೇಲೆ ಗಾಳಿಯಿತ್ತು. ಕೆಳಗೆ ಕಬ್ಬಿನ ಗದ್ದೆಗಳ ಹಸಿರು, ಅದು ಮುಗಿದಲ್ಲಿಂದ ಮರಳು. ಸ್ವಲ್ಪ ಹೊತ್ತಿಗೆ ಅವನೂ ಏದುಸಿರು ಬಿಡುತ್ತ ಬಂದ.

"ಕ್ಷಮಿಸಿ ಅಂತ ಹೇಳೋಕೆ ಬಂದೆ. ಇಷ್ಟು ಮೆಟ್ಟಿಲಿದೆ ಅಂತ ಗೊತ್ತಿದ್ರೆ ಕೆಳಗೇ ಹೇಳಿಬಿಡ್ತಿದ್ದೆ."

ಬಂದ ನಗುವನ್ನು ಅವಳು ತುಟಿ ಕಚ್ಚಿ ತಡೆದಳು. "ಯಾರು ನೀವು?"

"ವಗ್ದಿ ಅಂತ. ಮನ್ಸೂರಾದಲ್ಲಿ ಕನ್ನಡಕದ ಅಂಗಡಿ."

"ಗೈಡಲ್ಲ ಅಂತ ಮೊದಲೇ ಹೇಳಬಹುದಿತ್ತಲ್ಲ?"

"ಹೇಳೋಣ ಅಂತಲೇ ಬಾಯಿ ತೆರೆದೆ. ಹೆಂಡತಿ ಹೋದ ಮೇಲೆ ನನ್ನನ್ನ ಯಾರೂ ಏನೂ ಕೇಳಿಲ್ಲ, ಫ್ರೇಮು ಇನ್ನೂ ಕಡಿಮೆಗೆ ಸಿಗುತ್ತಾ ಅನ್ನೋದು ಬಿಟ್ಟು. ನೀವು ಕೇಳಿದ್ರಿ. ಗೊತ್ತಿಲ್ಲ ಅಂದಿದ್ರೆ ಹೊರಟುಹೋಗ್ತಿದ್ರಿ."

ಅವಳು ಗದ್ದೆಗಳ ಕಡೆ ನೋಡಿದಳು. "ಆ ಛಾವಣಿಯ ಹೆಂಗಸಿನ ಮಾತು? ಅದೂ ಸುಳ್ಳೇನಾ?"

"ಅಲ್ಲ. ಹೆಂಡತಿ ಹಾಸಿಗೆ ಹಿಡಿದಾಗ ನಾನೂ ಹಾಗೇ ನಿಂತಿದ್ದೆ. ಅದಕ್ಕೇ ಹಾಗೆ ಕಂಡಿತೇನೋ."

ಇನಾಯತ್‌ಗೆ ಮಾತಾಡಬೇಕು ಅನ್ನಿಸಿತು. ಅಮ್ಮ ಹೋದಾಗ ತಮ್ಮಂದಿರು ಚಿಕ್ಕವರು ಎಂದಳು. ಬೆಳೆಸಿದೆ, ಓದಿಸಿದೆ ಎಂದಳು. "ಮೊನ್ನೆ ಕಿರಿಯವನ ಮದುವೇನೂ ಆಯ್ತು. ಈಗ ಸ್ಕೂಲಿಂದ ಮನೆಗೆ ಬಂದ್ರೆ, ಟೀ ಯಾರಿಗೆ ಇಡೋದು ಅಂತ ತಿಳಿಯಲ್ಲ."

ಕೆಳಗೆ ಬಸ್ಸಿನ ಹಾರ್ನ್ ಕೇಳಿತು. ಹೊರಟವಳು ಮೆಟ್ಟಿಲ ಬಳಿ ನಿಂತಳು.

"ನಾಳೆ ಕರ್ನಾಕಿನ ದೇವಾಲಯಕ್ಕೆ ಹೋಗ್ತೀವಿ. ಅಲ್ಲಿ ನಿಜವಾದ ಗೈಡು ಇರ್ತಾರೆ, ನೀವು ಬರಬೇಕಾಗಿಲ್ಲ."

"ಎಷ್ಟು ಹೊತ್ತಿಗೆ?"

"ಬಿಸಿಲು ಏರೋಕೆ ಮುಂಚೆ" ಎಂದು ಸರಸರ ಇಳಿದುಹೋದಳು.

ಮಾರನೆಯ ಬೆಳಿಗ್ಗೆ ಕರ್ನಾಕಿನ ಬಾಗಿಲಲ್ಲಿ ಅವನು ನಿಂತಿದ್ದ. ಟೋಪಿ ಇರಲಿಲ್ಲ, ಕೂದಲಿಗೆ ನೀರು ಹಚ್ಚಿ ಬಾಚಿದ್ದ. ಗೈಡು ಹೇಳಿದ್ದನ್ನೆಲ್ಲ ಒಳ್ಳೆಯ ವಿದ್ಯಾರ್ಥಿಯಂತೆ ಹಿಂದೆ ನಿಂತು ಕೇಳಿದ. ನಡುವೆ ಒಮ್ಮೆ ಇನಾಯತ್ ತಿರುಗಿ ನೋಡಿದಾಗ ಅವನು ಗೈಡಿನ ಕಡೆ ನೋಡುತ್ತಿರಲಿಲ್ಲ. ಅವಳ ಕಿವಿ ಬಿಸಿಯಾಯಿತು.

ದೇವಾಲಯದ ಒಳಗಿನ ಕೊಳದ ಹತ್ತಿರ ಬಂದಾಗ ಸಿಹಾಮ್, "ನನಗೆ ಟೀ ಬೇಕೇ ಬೇಕು, ಎಲ್ಲರೂ ನಡೀರಿ" ಎಂದು ಎಲ್ಲರನ್ನೂ ಹೊರಡಿಸಿಕೊಂಡು ಹೋದಳು. ಹೋಗುವಾಗ ಇನಾಯತ್‌ಗೆ ಮಾತ್ರ, "ನಿನಗೆ ಬೇಡ" ಎಂದಳು.

ಇಬ್ಬರೂ ಕಲ್ಲಿನ ಬೆಂಚಿನ ಮೇಲೆ ಕೂತರು. ನಡುವೆ ಅವಳ ಕೈಚೀಲ. ಆ ಸಂಜೆ ಟೀಚರುಗಳ ರೈಲು ಹೊರಡುವುದಿತ್ತು.

"ತಾಂತಾಕ್ಕೆ ಬಂದ್ರೆ ಯಾರ ಹತ್ತಿರ ಮಾತಾಡಬೇಕು?" ಕೇಳಿದ ವಗ್ದಿ. "ದೊಡ್ಡ ತಮ್ಮನ ಹತ್ತಿರಾನಾ?"

"ಯಾವ ವಿಷಯ?"

"ಗೊತ್ತಿದ್ದೂ ಕೇಳ್ತೀರಿ."

"ಲೆಕ್ಕದ ಮಿಸ್ಸು ನಾನು. ಒಂದು ಹಂತ ಬಿಟ್ರೂ ಮಾರ್ಕ್ಸ್ ಕೊಡಲ್ಲ."

"ಮದುವೆ ವಿಷಯ" ಎಂದ.

ಅವಳು ನೀರನ್ನೇ ನೋಡುತ್ತಿದ್ದಳು. "ಅವನಿಗೆ ಬೂಟಿನ ಲೇಸು ಕಟ್ಟೋದು ಕಲಿಸಿದ್ದು ನಾನು. ನನ್ನ ಮದುವೆಗೆ ಅವನನ್ನ ಯಾಕೆ ಕೇಳ್ತೀರಿ? ನನ್ನನ್ನ ಕೇಳಿ."

ಅವನು ಕೇಳಿದ. ಚೆಂದದ ಮಾತೊಂದೂ ಹೊಳೆಯಲಿಲ್ಲ. "ನನ್ನ ಜೊತೆ ಇರ್ತೀರಾ, ಇನಾಯತ್?" ಎಂದಷ್ಟೇ.

ಕೊಳದ ಅಂಚಿನಲ್ಲಿ ಹಕ್ಕಿಯೊಂದು ನಡೆದು ಹೋಗಿ ತಿರುಗಿ ಬಂತು. ಅವಳು ಕೈಚೀಲವನ್ನು ಎತ್ತಿ ಮಡಿಲಲ್ಲಿಟ್ಟುಕೊಂಡಳು.

"ಹೂಂ."

"ಏನಂದ್ರಿ? ಕೇಳಿಸಲಿಲ್ಲ."

"ಕ್ಲಾಸಲ್ಲಿ ನಾನು ಯಾವುದನ್ನೂ ಎರಡು ಸಲ ಹೇಳಲ್ಲ" ಎಂದಳು ಇನಾಯತ್. ಆಮೇಲೆ ಅವನ ಕಡೆ ತಿರುಗಿ, ಇನ್ನೊಂದು ಸಲ ಹೇಳಿದಳು.