ನಿನ್ನೆಗೆ ಎಚ್ಚರವಾದ ಯಂತ್ರ

ಬೆಳಗಿನ ಇಂಜೆಕ್ಷನ್ ಆದ ಸ್ವಲ್ಪ ಹೊತ್ತಿಗೇ ನಾಲ್ಕನೇ ಹಾಸಿಗೆಯ ಮುದುಕನ ಉಸಿರು ನಿಂತಿತು. ಇನ್‌ಸ್ಪೆಕ್ಟರಮ್ಮ ಆಸ್ಪತ್ರೆಗೆ ಬರುವಷ್ಟರಲ್ಲಿ ತಪ್ಪು ಯಾರದೆಂದು ಎಲ್ಲರೂ ತೀರ್ಮಾನಿಸಿಯಾಗಿತ್ತು. ಕಂಪ್ಯೂಟರಿನಲ್ಲಿ ಒಂದು ಮಿಲಿ ಎಂದಿತ್ತು. ನರ್ಸು ಕೊಟ್ಟಿದ್ದು ಹತ್ತು.

"ಬೆಳಗ್ಗೆ ಹತ್ತು ಅಂತಾನೇ ಇತ್ತು ಮೇಡಂ. ಅನುಮಾನ ಬಂದು ಡಾಕ್ಟರಿಗೆ ಫೋನೂ ಮಾಡ್ದೆ. ಬರೆದಷ್ಟು ಕೊಡಮ್ಮ ಅಂದ್ರು."

"ಅಂದೆ. ಬರೆದಿದ್ದು ಒಂದು," ಎಂದರು ದೊಡ್ಡ ಡಾಕ್ಟರು, ಕನ್ನಡಕ ಒರೆಸುತ್ತ.

ಮುದುಕ ಹಿಂದಿನ ದಿನ ನರ್ಸಿನ ಮೇಲೆ ತಟ್ಟೆ ಎಸೆದಿದ್ದನಂತೆ. ಪೇದೆಗೆ ಅಷ್ಟೇ ಸಾಕಾಯಿತು. "ಸೇಡು ತೀರಿಸ್ಕೊಂಡವ್ಳೆ. ಕರ್ಕೊಂಡು ಹೋಗೋಣ?"

"ತಾಳಯ್ಯ. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಅಂತಾರೆ."

ಇನ್‌ಸ್ಪೆಕ್ಟರಮ್ಮ ನರ್ಸಿನ ಫೋನು ತೆಗೆದು ನೋಡಿದರು. ಆಸ್ಪತ್ರೆಯ ಕಂಪ್ಯೂಟರ್ ಕಳಿಸಿದ ಒಂದೇ ಸಂದೇಶ ಎರಡು ಸಲ ಇತ್ತು: *ಏಳನೇ ಹಾಸಿಗೆ, ಸಂಜೆ ಮಾತ್ರೆ ಕೊಡಿ.* ಒಂದು ನಿನ್ನೆ ಸಂಜೆಯದು. ಇನ್ನೊಂದು ಇವತ್ತಿನದು, ಮುದುಕ ಸತ್ತ ಮೇಲಿನದು. ಏಳನೇ ಹಾಸಿಗೆಯವನು ನಿನ್ನೆ ರಾತ್ರಿಯೇ ಮನೆಗೆ ಹೋಗಿದ್ದ.

* * *

ಕಂಪ್ಯೂಟರ್ ಕೋಣೆ ಕೊರೆಯುವಷ್ಟು ತಣ್ಣಗಿತ್ತು. ಅದನ್ನು ನೋಡಿಕೊಳ್ಳುವವನು ದೊಡ್ಡ ಡಾಕ್ಟರ ಬಾಮೈದ.

"ಇವತ್ತು ಮಷೀನ್ ಕೆಟ್ಟಿತ್ತಾ?"

"ಇಲ್ವಲ್ಲ. ನಾನು ಮುಟ್ಟೇ ಇಲ್ಲ."

"ಕೆಟ್ರೆ ಏನ್ಮಾಡ್ತೀರಾ? ನನಗಿದು ತಲೆಗೆ ಹತ್ತಲ್ಲ."

ಕಲಿಸುವುದೆಂದರೆ ಅವನಿಗೆ ಹಿಗ್ಗು. "ದೊಡ್ಡ ಕಂಪ್ಯೂಟರ್ ಒಳಗೆ ವರ್ಚುವಲ್ ಮಷೀನ್ ಅಂತ, ಬರೀ ಸಾಫ್ಟ್‌ವೇರಿನ ಕಂಪ್ಯೂಟರ್ ಇರುತ್ತೆ. ಆಸ್ಪತ್ರೆ ದಾಖಲೆ ಎಲ್ಲ ಅದರಲ್ಲೇ. ದಿನಾ ಸಂಜೆ ಅದರ ಪೂರ್ತಿ ನಕಲು ತೆಗೆದಿಡ್ತೀವಿ, ಬ್ಯಾಕಪ್ಪು. ಮಷೀನ್ ಕೆಟ್ರೆ ಅದರ ಮೇಲೇ ನಕಲನ್ನ ಬರೀಬಹುದು. ಇಲ್ಲಾಂದ್ರೆ ನಕಲನ್ನ ಪಕ್ಕದಲ್ಲಿ ಬೇರೆಯಾಗಿ ಎಬ್ಬಿಸಬಹುದು."

"ನೀವು ಹೇಗೆ?"

"ಪಕ್ಕದಲ್ಲೇ. ನಕಲು ಕೈಕೊಟ್ರೆ? ಅದಕ್ಕೇ ಹಳೇದನ್ನ ಒಂದು ವಾರ ಆಫ್ ಮಾಡಿ ಇಟ್ಟಿರ್ತೀನಿ. ತಲೆ ಇರೋನು ತಕ್ಷಣ ಅಳಿಸ್ತಾನಾ?"

"ಸರಿ. ಇವತ್ತು ಆಫ್ ಮಾಡಿಟ್ಟಿದ್ದನ್ನ ತೋರಿಸಿ."

ಅವನು ಪರದೆಗೆ ಅಡ್ಡವಾಗಿ ನಿಂತ.

"ನಿನ್ನೆಯ ನಕಲು ಎದ್ದಾಗ ಅದರ ಪಾಲಿಗೆ ಇನ್ನೂ ನಿನ್ನೆ ಸಂಜೆ," ಎಂದರು ಇನ್‌ಸ್ಪೆಕ್ಟರಮ್ಮ. "ಬಾಕಿ ಉಳಿದಿದ್ದ ಸಂದೇಶ ಕಳಿಸಿಬಿಡ್ತು. ಎಬ್ಬಿಸೋ ಮೊದಲು ನೆಟ್‌ವರ್ಕ್ ತಂತಿ ಕಿತ್ತಿದ್ರೆ ಅದು ಹೊರಗೆ ಹೋಗ್ತಿರಲಿಲ್ಲ, ಗಾಬರೀಲಿ ಮರೆತ್ರಿ. ಇವತ್ತು ಬೆಳಗ್ಗೆ ಡಾಕ್ಟರು ಬರೆದ ಹತ್ತು ಮಾಯ ಆಯ್ತು, ನಿನ್ನೆಯ ಒಂದು ವಾಪಸ್ ಬಂತು. ಒಂದು ಹುಡುಗಿ ಜೈಲಿಗೆ ಹೋಗ್ತಿದ್ಲಲ್ರೀ!"

"ಕೈತಪ್ಪಿ ಒಂದು ಸೊನ್ನೆ ಜಾಸ್ತಿ ಬಿತ್ತು, ಉಳಿಸಪ್ಪಾ ಅಂತ ಭಾವ ಕೈಮುಗಿದ್ರು…" ಅವನು ಪರದೆಯ ಮುಂದಿನಿಂದ ಪಕ್ಕಕ್ಕೆ ಸರಿದ.

* * *

ಈ ಸಲ ತಂತಿ ಕಿತ್ತೇ ಹಳೆಯ ಮಷೀನನ್ನು ಎಬ್ಬಿಸಿದರು. ದೊಡ್ಡ ಡಾಕ್ಟರು ಬಾಗಿಲಲ್ಲೇ ನಿಂತಿದ್ದರು. ಪಕ್ಕದಲ್ಲಿ ಪೇದೆ ಇದ್ದ. ಪರದೆಯ ಮೇಲೆ ಡಾಕ್ಟರ ಹೆಸರು, ಅದರ ಮುಂದೆ ಹತ್ತು ಮಿಲಿ.

ನರ್ಸು ನಿಟ್ಟುಸಿರು ಬಿಟ್ಟಳು. ಅಷ್ಟರಲ್ಲಿ ಕೆಳಗೆ, ಆಫ್ ಆಗುವ ಮೊದಲು ಕಳಿಸದೆ ಬಾಕಿ ಉಳಿದಿದ್ದ ಇನ್ನೊಂದು ಸಾಲು ಮೂಡಿತು. ಯಾರು ಉಳಿದರು, ಯಾರು ಹೋದರು ಎಂಬುದು ಯಂತ್ರಕ್ಕೆ ಗೊತ್ತಿರಲಿಲ್ಲ.

*ನಾಲ್ಕನೇ ಹಾಸಿಗೆ, ಇಂಜೆಕ್ಷನ್ ಆಯಿತು. ನಾಡಿ ನೋಡಿ.*

ಬೆಳಗಿನಿಂದ ತಡೆದುಕೊಂಡಿದ್ದ ನರ್ಸು ಆಗ ಅತ್ತುಬಿಟ್ಟಳು.